ಬಾನೆಟ್ ತಟ್ಟಿ ನೋಡುವ ಭಾವ

ಹಲಸಿನ ಹಣ್ಣು ಆರಿಸುವುದರಲ್ಲಿ ನಮ್ಮ ಭಾವ ಎತ್ತಿದ ಕೈ. ಬೆರಳ ಗಂಟಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು, "ಇದು ನಾಳೆಗೆ ಆಗ್ತದೆ" ಅಂದರೆ ಅದು ನಾಳೆಗೇ ಹಣ್ಣು. ಮೊನ್ನೆ ಉಡುಪಿಯಲ್ಲಿ ಹೆದ್ದಾರಿ ಬದಿ ಹಳೇ ಕಾರು ಮಾರುವ ಅಂಗಳದಲ್ಲೂ ಅವರು ಅದೇ ಪರೀಕ್ಷೆ ಮಾಡಿದರು. ಎಂಟೊಂಬತ್ತು ವರ್ಷ ಓಡಿದ ಪುಟ್ಟ ಎಸ್‌ಯುವಿ. ಯಾವ ಕಂಪನಿ ಅಂತ ಕೇಳಬೇಡಿ. ಬಾನೆಟ್ ಮೇಲೆ ಡಬ್ ಡಬ್.

"ತಗಡು ನೋಡು ಮಾರಾಯ, ಹೇಗುಂಟು! ಇದರ ಹೊಸ ಮಾಡೆಲ್ ಬರೀ ಡಬ್ಬ. ತಟ್ಟಿದರೆ ಎಣ್ಣೆ ಟಿನ್ನಿನ ಶಬ್ದ."

ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವನು. ಇಂಥ ಮಾತು ಕಿವಿಗೆ ಬಿದ್ದರೆ ಸುಮ್ನೆ ಇರಲು ಆಗುವುದಿಲ್ಲ. ಅಕ್ಕ ಇದನ್ನು ಕಾಯಿಲೆ ಅಂತಾಳೆ.

ಹಲಸು ತಟ್ಟಿದರೆ ಒಳಗಿನ ತೊಳೆ ಮಾತಾಡುತ್ತದೆ. ಬಾನೆಟ್ ತಟ್ಟಿದರೆ ಬಾನೆಟ್ ಒಂದೇ ಮಾತಾಡುತ್ತದೆ. ಅದು ಮಿಲಿಮೀಟರಿಗಿಂತ ತೆಳುವಾದ ಮುಚ್ಚಳ. ಒಳಗೆ ಕೂತವರನ್ನು ಕಾಪಾಡುವ ಕೆಲಸ ಅದಕ್ಕೆ ಅಷ್ಟಾಗಿ ಇಲ್ಲ. ರಸ್ತೆಯಲ್ಲಿ ನಡೆಯುವವರ ತಲೆ ಬಂದು ಬಡಿದರೆ ಅದು ತಗ್ಗಬೇಕು, ಹಾಗಾಗಿ ಮೆತ್ತಗಿದ್ದರೇ ಒಳ್ಳೆಯದು. ನಿಜವಾಗಿ ದುಡಿಯುವ ಉಕ್ಕು ಕಣ್ಣಿಗೆ ಬೀಳುವುದಿಲ್ಲ. ಎಂಜಿನ್‌ನ ಎರಡು ಬದಿಗೆ ಚಾಚಿದ ಪೆಟ್ಟಿಗೆಯಂಥ ತೊಲೆಗಳು, ಬಾಗಿಲ ಕಂಬಗಳು, ಬಾಗಿಲ ಕೆಳಗೆ ಉದ್ದಕ್ಕೂ ಹೋಗುವ ಪಟ್ಟಿ. ಅವನ್ನು ತಟ್ಟಿ ನೋಡಿದವರು ಯಾರು?

ಅಪಘಾತದ ಫೋಟೋ ವಾಟ್ಸಾಪಿಗೆ ಬಂದಾಗ ನೋಡಿ. ಮುಂಭಾಗ ಅಪ್ಪಚ್ಚಿ. "ಕಾಗದದ ಕಾರು" ಅಂತ ಹತ್ತು ಜನ ಬರೆಯುತ್ತಾರೆ. ಬಾಗಿಲು ತೆರೆದು ಡ್ರೈವರ್ ಇಳಿದು ನಡೆದ ಎನ್ನುವುದು ಯಾರಿಗೂ ಕಾಣುವುದಿಲ್ಲ. ಅವನು ನಡೆದದ್ದು ಮೂತಿ ಅಪ್ಪಚ್ಚಿಯಾದ ಕಾರಣಕ್ಕೇ.

ಲೆಕ್ಕ ಹಾಕೋಣ. ಕ್ರ್ಯಾಶ್ ಟೆಸ್ಟಿನಲ್ಲಿ ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಒಂದು ತಡೆಗೆ ಬಡಿಸುತ್ತಾರೆ. ಇದು ಎಂಥ ವೇಗ? 16 ಮೀಟರ್ ಎತ್ತರದಿಂದ ಬಿದ್ದ ತೆಂಗಿನಕಾಯಿ ನೆಲ ಮುಟ್ಟುವಾಗಿನ ವೇಗ. ಅಂದರೆ ಐವತ್ತಡಿ ಮೀರಿದ ಹಳೇ ತೆಂಗಿನ ಮರದ ತುದಿ. ಪಡುಬಿದ್ರಿ ದಾಟಿ ಆರಾಮಾಗಿ ಹೋಗುತ್ತಿದ್ದೇವೆ ಅನ್ನಿಸುವಾಗ ನಾವು ಆ ತುದಿಯಲ್ಲಿ ಕೂತಿದ್ದೇವೆ. ಆ ವೇಗ ಸೊನ್ನೆಗೆ ಇಳಿಯಲೇಬೇಕು. ಎಷ್ಟು ದೂರದಲ್ಲಿ ಇಳಿಯುತ್ತದೆ ಎನ್ನುವುದಷ್ಟೇ ನಮ್ಮ ಕೈಯಲ್ಲಿರುವುದು.

ಕಾರಿನ ಮೂತಿ ಜಗ್ಗದೆ, ಬರೀ 10 ಸೆಂಟಿಮೀಟರಿನಲ್ಲಿ ನಿಂತಿತು ಅನ್ನಿ. ಸರಾಸರಿ ಹೊಡೆತ ಗುರುತ್ವದ 160 ಪಟ್ಟು. ಅದೇ ಮೂತಿ 60 ಸೆಂಟಿಮೀಟರ್ ಮಡಚಿಕೊಂಡು ನಿಂತರೆ 27 ಪಟ್ಟು. ವೇಗ ಒಂದೇ, ಜನ ಒಂದೇ. ಆರು ಪಟ್ಟು ಹೆಚ್ಚು ಜಾಗ ಸಿಕ್ಕಿತು, ಹೊಡೆತ ಆರರಲ್ಲಿ ಒಂದು ಪಾಲಾಯಿತು. ಇಷ್ಟೇ ಗುಟ್ಟು. ಮಲ್ಪೆಯ ದಕ್ಕೆಯಲ್ಲಿ ಹಳೇ ಟಯರು ನೇತುಹಾಕಿರುತ್ತಾರಲ್ಲ, ಬೋಟು ಬಂದು ತಾಗುವಾಗ ಟಯರು ತಗ್ಗುತ್ತದೆ, ಹಲಗೆ ಉಳಿಯುತ್ತದೆ. ಕ್ಯಾಚ್ ಹಿಡಿಯುವವನು ಚೆಂಡಿನ ಜೊತೆ ಕೈಯನ್ನೂ ಹಿಂದಕ್ಕೆ ಎಳೆಯುತ್ತಾನೆ. ಮರದಿಂದ ಬಿದ್ದ ಬೊಂಡ ಕೆಸರು ಗದ್ದೆಯಲ್ಲಿ ಹೂತು ಉಳಿಯುತ್ತದೆ, ಕೆಂಪುಕಲ್ಲಿನ ಮೇಲೆ ಒಡೆಯುತ್ತದೆ. ಸಾಕು ಅಂತೀರಾ? ಇನ್ನೊಂದೇ ಒಂದು, ಇದು ನನಗೆ ಬಹಳ ಇಷ್ಟ. ಕಂಬಳದ ಕರೆಯಲ್ಲಿ, ಅಂದರೆ ಕೋಣ ಓಡಿಸುವ ಕೆಸರು ಹಾದಿಯಲ್ಲಿ, ಓಟ ಶುರುವಾಗುವ ಗಂತಿನಿಂದ ಹೊರಟ ಕೋಣಗಳು ಓಟ ಮುಗಿಯುವ ಮಂಜೊಟ್ಟಿಗೆ ಬಂದಾಗ ಎದುರಿಗೆ ಗೋಡೆ ಕಟ್ಟಿರುತ್ತಾರಾ? ಇಲ್ಲ. ಏರು ಇರುತ್ತದೆ. ಓಡಿದ ರಭಸ ಏರು ಹತ್ತುವುದರಲ್ಲಿ ಕರಗುತ್ತದೆ. ಕಾರಿನ ಮೂತಿ ಅಂದರೆ ಮಂಜೊಟ್ಟಿ. ಒಂದೇ ಸಲ ಬಳಸುವ ಮಂಜೊಟ್ಟಿ.

ಇದನ್ನು ಮೊದಲು ಸರಿಯಾಗಿ ಹೇಳಿದವನು ಬೇಲಾ ಬಾರೆನಿ, ವಿಯೆನ್ನಾ ಹತ್ತಿರ ಹುಟ್ಟಿದವ. ಆಗಿನ ಎಂಜಿನಿಯರುಗಳೂ ಭಾವನ ಪಂಗಡದವರೇ. ಕಾರು ಕೋಟೆಯ ಹಾಗೆ ಇರಬೇಕು ಅಂತಿದ್ದರು. ಈತ ಕಾರನ್ನು ಮೂರು ತುಂಡಾಗಿ ನೋಡಿದ. ನಡುವಿನ ಕೋಣೆ ಗಟ್ಟಿ, ಮುಂದಿನದು ಹಿಂದಿನದು ಮೆತ್ತಗೆ. ಮರ್ಸಿಡಿಸ್ ಕಂಪನಿಯಲ್ಲಿದ್ದಾಗ 1952ರಲ್ಲಿ ಪೇಟೆಂಟ್ ಸಿಕ್ಕಿತು, 1959ರಲ್ಲಿ ಅಂಥ ಕಾರು ರಸ್ತೆಗೆ ಬಂತು. ಅದೇ ವರ್ಷ ವೋಲ್ವೋ ಕಂಪನಿಯ ನಿಲ್ಸ್ ಬೋಲಿನ್ ಮೂರು ಕಡೆ ಕಚ್ಚುವ ಸೀಟ್ ಬೆಲ್ಟ್ ಕೊಟ್ಟ. ಎರಡೂ ಒಂದೇ ವರ್ಷ ಬಂದದ್ದು ಕಾಕತಾಳೀಯ ಇರಬಹುದು, ಆದರೆ ಒಂದಿಲ್ಲದೆ ಇನ್ನೊಂದು ವ್ಯರ್ಥ. ಬೆಲ್ಟ್ ಹಾಕದವನಿಗೆ ಆ 60 ಸೆಂಟಿಮೀಟರ್ ಸಿಗುವುದೇ ಇಲ್ಲ. ಕಾರು ನಿಧಾನವಾಗುತ್ತಿರುವಾಗ ಅವನು ಅದೇ ವೇಗದಲ್ಲಿ ಹೋಗಿ ಸ್ಟೀರಿಂಗಿಗೆ ಬಡಿಯುತ್ತಾನೆ.

ಇಷ್ಟು ಹೇಳಿದ ಮೇಲೆ ಭಾವ, "ಹಾಗಾದರೆ ಮುಂದೆ ಒಂದು ಗಾರ್ಡ್ ಹಾಕಿಸುವ. ದನ ಅಡ್ಡ ಬಂದರೆ?" ಅಂದರು. ನೋಡಿ! ಕಬ್ಬಿಣದ ಗಾರ್ಡ್ ಅಂದರೆ ಮಂಜೊಟ್ಟಿಯ ಬುಡದಲ್ಲಿ ಗೋಡೆ ಕಟ್ಟಿದ ಹಾಗೆ. ಹೊಡೆತ ಹೇಗೆ ಹರಿಯಬೇಕು ಅಂತ ಕಂಪನಿ ಲೆಕ್ಕ ಹಾಕಿರುತ್ತದೆ, ಗಾರ್ಡ್ ಆ ದಾರಿಯನ್ನೇ ಬದಲಿಸುತ್ತದೆ. ಏರ್‌ಬ್ಯಾಗಿನ ಸೆನ್ಸರಿಗೂ ತಪ್ಪು ಸುದ್ದಿ ಹೋಗಬಹುದು. ಇಂಥ ಗಾರ್ಡ್ ತೆಗೆಸಿ ಅಂತ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ನಮ್ಮ ಕಡೆ ಈಗಲೂ ಮಿನುಗುತ್ತಿವೆ.

ಇನ್ನು ಹಳೇ ಮಾಡೆಲ್, ಹೊಸ ಮಾಡೆಲ್ ಎಂಬ ಮಾತಿಗೆ ಬರೋಣ. ಹೊಸ ಪೀಳಿಗೆ ಅಂತ ಶೋರೂಮಿನವರು ಹೇಳಿದ್ದೆಲ್ಲ ಹೊಸ ಪೀಳಿಗೆ ಅಲ್ಲ. ಮುಖ ಬದಲಾಗುವುದು ಬೇರೆ, ಮೂಳೆ ಬದಲಾಗುವುದು ಬೇರೆ. ಮೂಳೆ ನೋಡಬೇಕಾದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ ಒಳ್ಳೆಯ ಸುಳಿವು. ಟಾಟಾ ನೆಕ್ಸಾನ್ 2017ರಲ್ಲಿ ಬಂತು, 2020ರಲ್ಲಿ ಮುಖ ಬದಲಿಸಿತು, 2023ರಲ್ಲಿ ಗುರುತೇ ಸಿಗದ ಹಾಗೆ ಬದಲಿಸಿತು. ಮೂರರಲ್ಲೂ ಆ ದೂರ 2,498 ಮಿಲಿಮೀಟರ್. ಅದೇ ಎಲುಬು, ಹೊಸ ಅಂಗಿ. ಹ್ಯುಂಡೈ ಕ್ರೆಟಾದ್ದು 2015ರಲ್ಲಿ 2,590 ಇತ್ತು, 2020ರಲ್ಲಿ 2,610 ಆಯಿತು. ಅಲ್ಲಿ ಎಲುಬೇ ಬೇರೆ.

ಹೊಸ ಎಲುಬು ಅಂದರೆ ಗಟ್ಟಿ ಎಲುಬು ಅಂತ ತಿಳಿಯಬೇಡಿ. 2022ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಈ ಎರಡನೇ ಪೀಳಿಗೆಯ ಕ್ರೆಟಾವನ್ನು ಬಡಿಸಿ ನೋಡಿದಾಗ ಸಿಕ್ಕಿದ್ದು 5ರಲ್ಲಿ 3 ನಕ್ಷತ್ರ, ನಡುವಿನ ಕೋಣೆ ಸ್ಥಿರವಾಗಿಲ್ಲ ಎಂಬ ಷರಾ ಬೇರೆ. ಹಳೇ ಎಲುಬಿನ ನೆಕ್ಸಾನ್ 2018ರ ಡಿಸೆಂಬರಿನಲ್ಲಿ 17ಕ್ಕೆ 16.06 ಅಂಕ ತೆಗೆದು, ಭಾರತದಲ್ಲೇ ತಯಾರಾಗಿ ಇಲ್ಲೇ ಮಾರಾಟವಾಗುವ ಕಾರುಗಳಲ್ಲಿ ಈ ಸಂಸ್ಥೆಯ ಮೊದಲ 5 ನಕ್ಷತ್ರ ಪಡೆದಿತ್ತು. ತಮಾಷೆ ಅಂದರೆ ಅದೇ ಕಾರಿಗೆ ಅದೇ ವರ್ಷ ಆಗಸ್ಟಿನಲ್ಲಿ ಬಂದದ್ದು 4. ನಡುವೆ ಕಂಪನಿ ಮುಂದಿನ ಎರಡೂ ಸೀಟಿಗೆ ಬೆಲ್ಟ್ ನೆನಪಿಸುವ ಗಂಟೆ ಕೊಟ್ಟಿತು, ಪಕ್ಕದಿಂದ ಗುದ್ದುವ ಪರೀಕ್ಷೆಯನ್ನೂ ಪಾಸು ಮಾಡಿಸಿತು.

ನಕ್ಷತ್ರ ಎಣಿಸುವವರು ಪರೀಕ್ಷೆ ಯಾವ ವರ್ಷದ್ದು ಅಂತ ನೋಡಬೇಕು. ನಾನು ಮೇಷ್ಟ್ರಾದ್ದರಿಂದ ಹೇಳುತ್ತೇನೆ, ಸಿಲಬಸ್ ಬದಲಾದರೆ ಹಳೇ ಅಂಕ, ಹೊಸ ಅಂಕ ಜೋಡಿಸಿ ನೋಡಲು ಬರುವುದಿಲ್ಲ. 2022ರ ಜುಲೈ ನಂತರ ಗ್ಲೋಬಲ್ ಎನ್‌ಕ್ಯಾಪ್ ಸಿಲಬಸ್ ಬಿಗಿ ಮಾಡಿತು. ಪಕ್ಕದ ಗುದ್ದು, ಕಂಬಕ್ಕೆ ಗುದ್ದು, ಜಾರುವ ಕಾರನ್ನು ಹಿಡಿಯುವ ಇಎಸ್‌ಸಿ, ಪಾದಚಾರಿಯ ರಕ್ಷಣೆ ಎಲ್ಲ ಸೇರಿದವು. ನೆಕ್ಸಾನ್ 2024ರ ಫೆಬ್ರವರಿಯಲ್ಲಿ ಇದನ್ನೂ ಬರೆಯಿತು. ದೊಡ್ಡವರ ರಕ್ಷಣೆಗೆ 34ಕ್ಕೆ 32.22, ಮತ್ತೆ 5 ನಕ್ಷತ್ರ. 2018ರಲ್ಲಿ ಮಕ್ಕಳ ರಕ್ಷಣೆಗೆ 3 ಇದ್ದದ್ದು ಈಗ 5 ಆಗಿತ್ತು. 2018ರ 5 ಮತ್ತು 2024ರ 5 ಒಂದೇ ಅಲ್ಲ. ಮೊದಲಿನದರಲ್ಲಿ ಏರ್‌ಬ್ಯಾಗ್ ಎರಡು, ಆಮೇಲಿನದರಲ್ಲಿ ಆರು.

ಈ ಪುಟ್ಟ ಎಸ್‌ಯುವಿಗಳೆಲ್ಲ ಯಾಕೆ 3,995 ಮಿಲಿಮೀಟರ್ ಆಸುಪಾಸಿನಲ್ಲಿ ನಿಂತಿವೆ ಗೊತ್ತಲ್ವಾ? 2006ರ ಬಜೆಟ್. 4 ಮೀಟರ್ ಒಳಗಿನ, ಚಿಕ್ಕ ಎಂಜಿನ್‌ನ ಕಾರಿಗೆ ಸುಂಕ ಕಡಿಮೆ ಅಂತ ಬರೆದರು. ಆಮೇಲೆ ಸಾಮಾನಿಡುವ ಡಿಕ್ಕಿ ಮೊಟಕಾಯಿತು, ಮೂಗು ಮೊಟಕಾಯಿತು. ದೆಹಲಿಯ ಸುಂಕದ ಕಾಗದವೊಂದು ನಮ್ಮ ಮಂಜೊಟ್ಟಿಯ ಉದ್ದಕ್ಕೂ ಮಿತಿ ಹಾಕಿತು. ಇಷ್ಟು ಗಿಡ್ಡ ಮೂಗಿನಲ್ಲಿ ಅಷ್ಟು ಹೊಡೆತ ನುಂಗಬೇಕಾದರೆ ಉಕ್ಕೇ ಬೇರೆ ಆಗಬೇಕು. ಹಾಗಾಗಿ ಬಾಗಿಲ ಕಂಬದಂಥ ಕಡೆಗೆ ಕೆಂಪಗೆ ಕಾಯಿಸಿ, ಅಚ್ಚಿನಲ್ಲೇ ಒತ್ತಿ, ಅಲ್ಲೇ ಥಟ್ಟನೆ ತಣಿಸಿದ ಉಕ್ಕು ಬಂತು. ಊರಿನ ಆಚಾರಿ ಕತ್ತಿಯನ್ನು ಕಾಯಿಸಿ ನೀರಿಗೆ ಅದ್ದುತ್ತಿದ್ದನಲ್ಲ, ಅದೇ ವಿದ್ಯೆ. ಸಾಮಾನ್ಯ ಉಕ್ಕಿಗಿಂತ ಹಲವು ಪಟ್ಟು ಬಲ. ಅದಕ್ಕೇ ಅದು ತೆಳ್ಳಗಿದ್ದರೂ ನಡೆಯುತ್ತದೆ.

ಆದರೆ ಆ ತೆಳುವೇ ನಮ್ಮ ಊರಿನಲ್ಲಿ ತೊಂದರೆ. ಕ್ರ್ಯಾಶ್ ಟೆಸ್ಟಿಗೆ ಹೋಗುವುದು ಹೊಸ ಕಾರು. ಸುರತ್ಕಲ್ಲಿನ ಉಪ್ಪುಗಾಳಿ ಎಂಟು ವರ್ಷ ಕುಡಿದ ಕಾರನ್ನು ಯಾರೂ ಬಡಿಸಿ ನೋಡುವುದಿಲ್ಲ. ತುಕ್ಕು ಉಕ್ಕಿನ ಬಲ ನೋಡಿ ತಿನ್ನುವುದಿಲ್ಲ. ಲೆಕ್ಕಕ್ಕೆ ಹೇಳುವುದಾದರೆ, 2 ಮಿಲಿಮೀಟರ್ ತೊಲೆಯಲ್ಲಿ 0.3 ಹೋದರೆ 15 ಶೇಕಡಾ ನಷ್ಟ. 1.2 ಮಿಲಿಮೀಟರಿನಲ್ಲಿ ಅಷ್ಟೇ ಹೋದರೆ ಕಾಲು ಭಾಗ ಮಾಯ.

ಇದಕ್ಕೆ ಮದ್ದು ಸತು, ಗ್ಯಾರೇಜಿನವರ ಮಾತಿನಲ್ಲಿ ಝಿಂಕ್. ಮಲ್ಪೆಯಲ್ಲಿ ದುರಸ್ತಿಗೆ ಎಳೆದಿಟ್ಟ ಉಕ್ಕಿನ ಬೋಟಿನ ಬುಡ ನೋಡಿದರೆ ಅಲ್ಲಲ್ಲಿ ಬೂದು ಬಣ್ಣದ ಗಟ್ಟಿ ಕಂಡೀತು. ಝಿಂಕ್ ಗಟ್ಟಿ. ಉಪ್ಪುನೀರಿನಲ್ಲಿ ಕಬ್ಬಿಣ ಮತ್ತು ಝಿಂಕ್ ತಾಗಿಕೊಂಡಿದ್ದರೆ ಝಿಂಕ್ ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ತಮ್ಮನ ಪಾಲಿನ ಪೆಟ್ಟನ್ನೂ ತಾನೇ ತಿನ್ನುವ ಅಣ್ಣನ ಹಾಗೆ. ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ಬ್ರಿಟಿಷ್ ನೌಕಾಪಡೆಗೆ ಇದೇ ಉಪಾಯ ಹೇಳಿದ್ದ. ಹಡಗಿನ ಬುಡದ ತಾಮ್ರದ ತಗಡಿಗೆ ಕಬ್ಬಿಣ, ಝಿಂಕ್ ತುಂಡು ಜೋಡಿಸಿದ. ತಾಮ್ರ ಉಳಿಯಿತು. ಎಷ್ಟು ಚೆನ್ನಾಗಿ ಉಳಿಯಿತು ಅಂದರೆ, ಕರಗಿದ ತಾಮ್ರದ ವಿಷಕ್ಕೆ ಹೆದರಿ ದೂರ ಇದ್ದ ಚಿಪ್ಪಿನ ಜೀವಿಗಳೆಲ್ಲ ಬಂದು ಹಡಗಿಗೆ ಅಂಟಿಕೊಂಡವು! ವೇಗ ಕುಸಿಯಿತು, ನೌಕಾಪಡೆ ಉಪಾಯವನ್ನೇ ಬಿಟ್ಟಿತು. ಕಾರಿಗೆ ಆ ಕಾಟ ಇಲ್ಲ. ಈಗಿನ ಕಾರಿನ ತಗಡಿಗೆ ಕೆಲವು ಮೈಕ್ರಾನ್ ಝಿಂಕ್ ಲೇಪ ಇರುತ್ತದೆ, ಸಣ್ಣ ಗೀರು ಬಿದ್ದರೂ ಸುತ್ತಲಿನ ಝಿಂಕ್ ಕಾಯುತ್ತದೆ. ಝಿಂಕ್ ಮುಗಿಯುವವರೆಗೆ.

ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಊರು ನಮ್ಮದು. ಮಳೆಯೇ ಶತ್ರು ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಕಾರಿನ ಮೇಲ್ಗಡೆಗೆ ಮಳೆ ಒಳ್ಳೆಯದೇ ಮಾಡುತ್ತದೆ, ಉಪ್ಪನ್ನು ತೊಳೆದು ಹಾಕುತ್ತದೆ. ಶತ್ರು ಇರುವುದು ಚಕ್ರದ ಗೂಡಿನ ಒಳಗೆ. ಅಲ್ಲಿ ಕೂತ ಕೆಂಪು ಕೆಸರು ಉಪ್ಪನ್ನೂ ತೇವವನ್ನೂ ಹಿಡಿದಿಟ್ಟುಕೊಂಡು ದೀಪಾವಳಿಯವರೆಗೂ ಬಿಡುವುದಿಲ್ಲ. ಬಾಗಿಲ ತಳದಲ್ಲಿ ನೀರು ಇಳಿಯಲು ಪುಟ್ಟ ತೂತುಗಳಿರುತ್ತವೆ. ನನ್ನ ಹಿಂದಿನ ಕಾರಿಗೆ ಅಡಿಭಾಗದ ಕೋಟಿಂಗ್ ಹೊಡೆದ ಪುಣ್ಯಾತ್ಮರು ಆ ತೂತುಗಳನ್ನೂ ಸೇರಿಸಿ ಬಳಿದಿದ್ದರು. ಬ್ರೇಕ್ ಹಾಕಿದಾಗ ಬಾಗಿಲೊಳಗೆ ಕೊಡದ ನೀರು ತುಳುಕಿದ ಶಬ್ದ. ಆರು ಸಾವಿರ ಕೊಟ್ಟು ತುಕ್ಕು ಸಾಕಿದೆ.

ಅಂಗಳದವನನ್ನು ಒಪ್ಪಿಸಿ ಭಾವನ ಕಾರನ್ನು ಪಕ್ಕದ ಗ್ಯಾರೇಜಿನ ಲಿಫ್ಟಿಗೆ ಏರಿಸಿದೆವು. ಮೆಕ್ಯಾನಿಕ್ ಹುಡುಗ ಟಾರ್ಚ್ ಹಿಡಿದು ಬಾಗಿಲ ಕೆಳಗಿನ ಪಟ್ಟಿಯುದ್ದಕ್ಕೂ ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟುತ್ತಾ ಬಂದ. ಟಣ್, ಟಣ್, ಟಣ್. ಹಿಂದಿನ ಚಕ್ರದ ಹತ್ತಿರ, ಥಪ್. ಬಣ್ಣ ಹೊಸದಾಗಿ, ನುಣುಪಾಗಿತ್ತು. ಸ್ಕ್ರೂಡ್ರೈವರ್ ತಿರುಗಿಸಿ ಮೊನೆ ಒತ್ತಿದ. ಒಣಗಿದ ಗೋಳಿಬಜೆಗೆ ಕಡ್ಡಿ ಚುಚ್ಚಿದ ಹಾಗೆ ಒಳಗೆ ಹೋಯಿತು. ಕಂದು ಹುಡಿ ಭಾವನ ಬಿಳಿ ಅಂಗಿ ಮೇಲೆ ಉದುರಿತು.

ತಟ್ಟಿ ನೋಡುವುದು ತಪ್ಪಲ್ಲ, ತಟ್ಟಿದ ಜಾಗ ತಪ್ಪು ಅಂತ ಹೇಳಲು ಬಾಯಿ ತೆರೆದೆ. ಅವರ ಮುಖ ನೋಡಿ ಸುಮ್ನಾದೆ.

ಎರಡು ತಿಂಗಳ ಮೇಲೆ ಹೊಸ ಕಾರೇ ಬಂತು. ಅಕ್ಕನಿಗೂ ಒಂದು ಲೆಕ್ಕ ಹೇಳಬೇಕಾಯಿತು. ಮೊಮ್ಮಗಳು 10 ಕಿಲೋ. ಆ 27 ಪಟ್ಟು ಹೊಡೆತದಲ್ಲಿ ಅವಳನ್ನು ಹಿಡಿದಿಡಬೇಕಾದರೆ 270 ಕಿಲೋ ಎತ್ತುವ ತೋಳು ಬೇಕು. ಮಡಿಲಲ್ಲಿ ಕೂರಿಸಿದರೆ ಭದ್ರ ಎನ್ನುವುದು ಪ್ರೀತಿಯ ಮಾತು, ಲೆಕ್ಕದ ಮಾತಲ್ಲ. ಅಕ್ಕ ಎರಡು ದಿನ ನನ್ನ ಹತ್ತಿರ ಮಾತು ಬಿಟ್ಟಳು, ಮೂರನೇ ದಿನ ಮಗುವಿನ ಸೀಟಿಗೆ ಎಷ್ಟಾಗ್ತದೆ ಅಂತ ಕೇಳಿದಳು.

ದೇವಸ್ಥಾನದ ಎದುರು ಪೂಜೆ. ನಾಲ್ಕು ಚಕ್ರದ ಅಡಿಗೆ ನಾಲ್ಕು ಲಿಂಬೆ, ಕನ್ನಡಿಗೆ ಮೆಣಸು ಪೋಣಿಸಿದ ಇನ್ನೊಂದು. ದೃಷ್ಟಿ ತಾಗಬಾರದಂತೆ. ನಾನು ತುಟಿ ಬಿಗಿಹಿಡಿದು ನಿಂತಿದ್ದೆ. ಭಾವ ಹತ್ತಿರ ಬಂದು ಪಿಸುಗುಟ್ಟಿದರು.

"ಲಿಂಬೆ ಹುಳಿ ತಾಗಿದರೆ ಝಿಂಕ್ ಹೋಗುದಿಲ್ವಾ?"

"ಟಯರು ರಬ್ಬರಲ್ವಾ ಭಾವ, ಅದಕ್ಕೇನೂ ಆಗುವುದಿಲ್ಲ. ಆ ನೇತಾಡುವ ಲಿಂಬೆಗೆ ಚುಚ್ಚಿದ ತಂತಿ ಮಾತ್ರ ತುಕ್ಕು ಹಿಡೀತದೆ."

ಅವರು ಹೋಗಿ ಕನ್ನಡಿಯ ಲಿಂಬೆ ಬಿಚ್ಚಿ, ತಂತಿ ಕಿತ್ತು, ಬಾಳೆನಾರಿನಲ್ಲಿ ಪೋಣಿಸಿ ಮತ್ತೆ ಕಟ್ಟಿದರು. ಹಿಂದಿನ ಸೀಟಿನಲ್ಲಿ ಅಕ್ಕ ಮಗುವಿನ ಬೆಲ್ಟಿನ ಕೊಂಡಿ ಸಿಗದೆ ಬಯ್ಯುತ್ತಿದ್ದಳು. ಭಾವ ಸ್ಟೀರಿಂಗ್ ಹತ್ತಿರ ಹೋಗುವ ಮೊದಲು, ಯಾರೂ ನೋಡುತ್ತಿಲ್ಲ ಅಂದುಕೊಂಡು, ಬಾನೆಟ್ ಮೇಲೆ ಮೆಲ್ಲ ಎರಡು ಸಲ ತಟ್ಟಿದರು.

"ಟಿನ್ನೇ," ಅಂದರು.