ಬಾಟಲಿ ಸಾಯದೆ ಹಣ ಹುಟ್ಟಬಾರದು

ಪ್ಲಾಸ್ಟಿಕ್ ಬಾಟಲಿ ಹಾಕಿದವರಿಗೆ ಹಣ ಕೊಡುವ ಯಂತ್ರ ಬೇಕೆಂದು ಕಾರವಾರದ ನನ್ನ ವರ್ಕ್‌ಶಾಪಿಗೆ ಬರುವವರು ಮೊದಲು ಕೇಳುವುದು ಪರದೆಯ ಅಳತೆಯನ್ನು. ಅದರಲ್ಲಿ ಯಕ್ಷಗಾನದ ವೇಷ ಕುಣಿಯಬೇಕು, ಬಾಟಲಿ ಬಿದ್ದ ಕೂಡಲೇ ಚಂಡೆ ಬಾರಿಸಬೇಕು, ಮೊಬೈಲಿಗೆ ದುಡ್ಡು ಬರಬೇಕು. ಆಗಲಿ, ಎಲ್ಲವನ್ನೂ ಮಾಡಬಹುದು. ಆಮೇಲೆ ದರಪಟ್ಟಿ ಕೈಗೆ ಬರುತ್ತದೆ. ಬೆರಳು ಕೆಳಗಿಳಿಯುತ್ತಾ ಬಂದು ಬಾಟಲಿ ಜಜ್ಜುವ ಭಾಗದ ಬೆಲೆಯ ಮೇಲೆ ನಿಲ್ಲುತ್ತದೆ. ‘ಇದೊಂದನ್ನು ಬಿಟ್ಟುಬಿಡಿ ಸಾಹೇಬರೇ. ಗುಜರಿಯವರು ಒಯ್ದು ಹೇಗೂ ಜಜ್ಜುತ್ತಾರಲ್ಲ!’

ಜಜ್ಜುವುದು ಜಾಗ ಉಳಿಸುವುದಕ್ಕೆ ಎಂಬುದು ಇವರ ಎಣಿಕೆ. ಜಾಗ ಉಳಿಯುವುದೇನೋ ನಿಜ. ಇಡಿಯ ಬಾಟಲಿ ತುಂಬಿದರೆ 240 ಲೀಟರಿನ ಗಾಲಿ ಡಬ್ಬಿಯಲ್ಲಿ ಒಂದು ಲೀಟರಿನವು ನೂರು–ನೂರಿಪ್ಪತ್ತು ಹಿಡಿದರೆ ಹೆಚ್ಚು. ಮುರುಡೇಶ್ವರದಲ್ಲಿ ಭಾನುವಾರ ಎರಡು ಬಸ್ ಪ್ರವಾಸಿಗರು ಇಳಿದರೆ ಮುಗಿಯಿತು. ಆದರೆ ಅದು ಎರಡನೆಯ ಮಾತು. ಮೊದಲನೆಯದು ಲೆಕ್ಕ. ಅಂಚೆ ಕಚೇರಿಯಲ್ಲಿ ಅಂಚೆಚೀಟಿಯ ಮೇಲೆ ಠಪ್ಪೆಂದು ಮುದ್ರೆ ಒತ್ತುತ್ತಾರಲ್ಲ, ಅದು ಚಂದಕ್ಕಲ್ಲ; ಅದೇ ಚೀಟಿ ಇನ್ನೊಂದು ಲಕೋಟೆಯ ಮೇಲೆ ಕೂರಬಾರದೆಂದು. ಹಣ ಕೊಟ್ಟ ಮೇಲೂ ಬಾಟಲಿ ಬಾಟಲಿಯಾಗಿಯೇ ಉಳಿದರೆ ಅದು ಮುದ್ರೆ ಬೀಳದ ಅಂಚೆಚೀಟಿ.

ನಾನೂ ಇದನ್ನು ಕಲಿತದ್ದು ಪೆಟ್ಟು ತಿಂದೇ. ನನ್ನ ಮೊದಲ ಯಂತ್ರಕ್ಕೆ ಜಜ್ಜುವ ಭಾಗವಿರಲಿಲ್ಲ. ಬಾಯಿಯ ಬಳಿ ಬೆಳಕಿನ ಸೆನ್ಸರ್ ಒಂದಿತ್ತು, ಬಾಟಲಿ ದಾಟಿದರೆ ಎಣಿಕೆ. ಕಡಲತೀರದಲ್ಲಿ ಇಟ್ಟ ಮೊದಲ ಸಂಜೆಯೇ ಲೆಕ್ಕದಲ್ಲಿ 214 ಬಾಟಲಿ, ಡಬ್ಬಿಯಲ್ಲಿ 37. ಮರುದಿನ ದೂರ ನಿಂತು ನೋಡಿದೆ. ಬೈತಖೋಲದ ಮೀನುಗಾರಿಕೆ ಬಂದರಿನ ಕಡೆಯ ಹುಡುಗನೊಬ್ಬ ಬಾಟಲಿಯ ಕುತ್ತಿಗೆಗೆ ಗಾಳದ ನೈಲಾನ್ ದಾರ ಕಟ್ಟಿ ಒಳಗೆ ಬಿಡುತ್ತಿದ್ದ, ಎಣಿಕೆಯಾದೊಡನೆ ಎಳೆದುಕೊಳ್ಳುತ್ತಿದ್ದ. ಗಾಳ ಹಾಕುವವರ ಮನೆಯವನಿಗೆ ಎಳೆಯುವುದನ್ನು ಯಾರು ಕಲಿಸಬೇಕು? ಬೈಯಲು ಹೋದವನು ನಗುತ್ತಾ ವಾಪಸ್ ಬಂದೆ.

ಜರ್ಮನಿಯಲ್ಲೂ ಆದದ್ದು ಇದೇ, ಅಂಕಿ ಮಾತ್ರ ದೊಡ್ಡದು. ಅಲ್ಲಿ ಒಮ್ಮೆ ಬಳಸುವ ಬಾಟಲಿ ಕೊಳ್ಳುವಾಗಲೇ 25 ಸೆಂಟ್ ಠೇವಣಿ ಇಡಬೇಕು, ಯಂತ್ರಕ್ಕೆ ಹಾಕಿದಾಗ ಅದು ಮರಳಿ ಸಿಗುತ್ತದೆ. ಕಲೋನ್ ನಗರದ ಪಾನೀಯ ವ್ಯಾಪಾರಿಯೊಬ್ಬ ತನ್ನ ಯಂತ್ರದ ಚೂರು ಮಾಡುವ ಭಾಗವನ್ನೇ ಕಳಚಿಟ್ಟು, ಒಂದೇ ಬಾಟಲಿಯನ್ನು 1,77,451 ಸಲ ಒಳಗೆ ಬಿಟ್ಟ. ಸಿಕ್ಕಿದ್ದು 44,362 ಯೂರೋ ಮತ್ತು ಚಿಲ್ಲರೆ. 2016ರಲ್ಲಿ ಅವನಿಗೆ ಶಿಕ್ಷೆಯಾಯಿತು. ಅವನು ಕಷ್ಟಪಟ್ಟು ಕಳಚಿದ ಭಾಗವನ್ನೇ ನಮ್ಮವರು ‘ಮೊದಲೇ ಹಾಕಬೇಡಿ’ ಎನ್ನುತ್ತಾರೆ.

ಆದ್ದರಿಂದ ಕೆಲಸದ ಸರದಿ ಹೀಗಿರಬೇಕು: ಬಾಟಲಿ ಒಳಗೆ ಬಂತು, ಹಿಂದೆ ಬಾಗಿಲು ಮುಚ್ಚಿತು, ತೂಕ ನೋಡಿತು, ಮುಳ್ಳಿನ ರೋಲರ್ ಅದನ್ನು ಎಳೆದುಕೊಂಡಿತು, ರೋಲರಿನ ಆಚೆಯ ಸೆನ್ಸರ್ ‘ಬಂತು’ ಎಂದಿತು. ಆಗ ಹಣ. ಆಗ ಮಾತ್ರ. ಬಾಯಿಯ ಬಳಿಯ ಸೆನ್ಸರ್ ಹಣ ಕೊಡಬಾರದು. ಅದರ ಕೆಲಸ ಬಾಗಿಲು ತೆರೆಯುವುದಷ್ಟೇ. ಮುಳ್ಳು ಯಾಕೆ? ಮುಚ್ಚಳ ಬಿಗಿದ ಬಾಟಲಿಯೊಳಗಿನ ಗಾಳಿ ಹೊರಹೋಗಬೇಕು. ಚುಚ್ಚದೆ ಒತ್ತಿದರೆ ಅದು ಬುಸ್ಸೆಂದು ಮತ್ತೆ ಉಬ್ಬಿ ಕೂರುತ್ತದೆ. ತೂಕ ನೋಡುವುದು ಹಣ ಕೊಡುವುದಕ್ಕಲ್ಲ, ತಿರಸ್ಕರಿಸುವುದಕ್ಕೆ. ಖಾಲಿ ಬಾಟಲಿ ಸುಮಾರು 20 ಗ್ರಾಂ ಇರುತ್ತದೆ, ಅದರೊಳಗೆ ಹೊಯಿಗೆಯೋ ನೀರೋ ಇದ್ದರೆ ಬಾಗಿಲು ಅದನ್ನು ಹೊರಗೆ ತಳ್ಳಬೇಕು.

ನಮ್ಮ ಜಿಲ್ಲೆಯಲ್ಲಿ ಈ ಸರದಿಗೆ ಇನ್ನೊಂದು ಕಾರಣವಿದೆ. ಕೈಗಾ ಇರುವುದು ನಮ್ಮ ತಾಲೂಕಿನಲ್ಲೇ, ಕದ್ರಾ ಅಣೆಕಟ್ಟೂ ಇಲ್ಲೇ. ಆದರೂ ಆಷಾಢದ ಮಳೆಗೆ ಮರ ಬಿದ್ದರೆ ಕರೆಂಟು ಹೋಗುವುದು ಹೋಗುತ್ತದೆ. ಬಾಟಲಿ ಅರ್ಧ ಒಳಗೆ ಹೋಗಿ ಮೋಟಾರ್ ನಿಂತಾಗ ಮೊದಲೇ ಹಣ ಕೊಟ್ಟಿದ್ದರೆ ಅದು ಹೋದಂತೆಯೇ. ಹಣ ಕೊಡದಿದ್ದರೆ, ಕರೆಂಟು ಬಂದಾಗ ಯಂತ್ರ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಉಪ್ಪುಗಾಳಿಯ ವಿಷಯ ಉದ್ದಕ್ಕೆ ಹೇಳುವುದಿಲ್ಲ. ಸಮುದ್ರದ ಎದುರಿಗಾದರೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೇಕು, ಸೆನ್ಸರಿನ ಗಾಜು ವಾರಕ್ಕೊಮ್ಮೆ ಒರೆಸಲು ಒಬ್ಬ ಮನುಷ್ಯ ಬೇಕು. ಜಾಗ ನೋಡದೆ ಇದಕ್ಕಿಂತ ಹೆಚ್ಚು ಹೇಳಲಾರೆ.

‘ಐದು ರೂಪಾಯಿ ಕೊಡೋಣ, ಗುಜರಿಗೆ ಮಾರಿದರೆ ಹೊರಟುಬರುತ್ತದೆ’ ಎನ್ನುವವರೂ ಇದ್ದಾರೆ. ಒಂದು ಕಿಲೋಗೆ ಸುಮಾರು ಐವತ್ತು ಬಾಟಲಿ ಬೇಕು. ಹಾಗಾದರೆ ಕಿಲೋಗೆ ಇನ್ನೂರೈವತ್ತು ರೂಪಾಯಿ ಕೊಡುವ ಗುಜರಿಯವನನ್ನು ಮೊದಲು ಹುಡುಕಿಕೊಂಡು ಬನ್ನಿ. ಅಂಥವನು ನಮ್ಮ ಕರಾವಳಿಯಲ್ಲಂತೂ ನನಗೆ ಸಿಕ್ಕಿಲ್ಲ. ಹಣ ಬೇರೆ ಯಾರದೋ ಜೇಬಿನಿಂದ ಬರಬೇಕು. ಆ ಜೇಬಿನವರು ವರ್ಷದ ಕೊನೆಗೆ ಡಬ್ಬಿಯ ತೂಕ ಮತ್ತು ಕೊಟ್ಟ ಹಣ ಎರಡನ್ನೂ ಎದುರೆದುರು ಇಟ್ಟು ನೋಡುತ್ತಾರೆ. ಆಗ ಪರದೆಯ ಮೇಲಿನ ವೇಷ ಸಾಕ್ಷಿ ಹೇಳುವುದಿಲ್ಲ.

ಅಂದಹಾಗೆ, ಆ ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ. ಹೊಸ ಯಂತ್ರ ಸಿದ್ಧವಾದಾಗಲೆಲ್ಲ ಅವನನ್ನು ಕರೆಸಿ, ಚಹಾ–ಬನ್ಸ್ ಕೊಟ್ಟು, ‘ಮೋಸ ಮಾಡಿ ತೋರಿಸು’ ಎನ್ನುತ್ತೇನೆ. ಕಳೆದ ಸಲ ಅರ್ಧ ಗಂಟೆ ಯಂತ್ರದ ಸುತ್ತ ತಿರುಗಿದ. ಆಮೇಲೆ, ‘ಮಾಮಾ, ಹಿಂದಿನ ಬಾಗಿಲಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ?’ ಎಂದು ಕೇಳಿದ.