ಬಿಸಿಲಿಗೆ ಸತ್ತವರ ಕಾಗದದಲ್ಲಿ ಬಿಸಿಲು ಇರುವುದಿಲ್ಲ

ಏಪ್ರಿಲ್ ಬಂತೆಂದರೆ ಕಲಬುರಗಿಯ ಸರ್ಕಾರಿ ಕಚೇರಿಗಳು ಬೆಳಗಿನ ಎಂಟಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಜೀವವಿಮೆಯ ಕ್ಲೇಮು ವಿಭಾಗದಲ್ಲಿರುವ ನಮಗೆ ಆ ಸಮಯ ಅನ್ವಯಿಸುವುದಿಲ್ಲ. ಅಂಥದೊಂದು ಮೇ ತಿಂಗಳ ಮಧ್ಯಾಹ್ನ ಮೂರರ ಸುಮಾರಿಗೆ ಒಬ್ಬ ಹೆಣ್ಣುಮಗಳು ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡು ಬಂದು ನನ್ನ ಮೇಜಿನ ಮುಂದೆ ಕುಳಿತರು. ಪ್ಲಾಸ್ಟಿಕ್ ಚೀಲದಲ್ಲಿ ಗಂಡನ ಪಾಲಿಸಿ ಬಾಂಡ್, ಆಧಾರ್, ಪಾಸ್‌ಬುಕ್, ಮರಣ ಪ್ರಮಾಣಪತ್ರ ಎಲ್ಲವನ್ನೂ ಜೋಡಿಸಿ ತಂದಿದ್ದರು.

ಗಂಡ ಸೆಂಟ್ರಿಂಗ್ ಕೆಲಸದವರು, ವಯಸ್ಸು 44. ಆ ದಿನ ಮಧ್ಯಾಹ್ನವೇ ಮನೆಗೆ ಬಂದು ತಲೆ ಸುತ್ತುತ್ತಿದೆ ಎಂದು ಮಲಗಿದರಂತೆ. ಮನೆಯ ಮಾಳಿಗೆಗೆ ಹಾಸಿದ್ದು ಶಹಾಬಾದ್ ಕಲ್ಲು. ಹಗಲೆಲ್ಲ ಕಾದ ಆ ಕಲ್ಲು ರಾತ್ರಿ ಹತ್ತಾದರೂ ಕೆಳಗೆ ಕಾವು ಬಿಡುತ್ತಲೇ ಇರುತ್ತದೆ. ಎರಡು ಸಲ ವಾಂತಿಯಾಯಿತು. ಸಂಜೆಯ ಹೊತ್ತಿಗೆ ಮಾತು ತೊದಲತೊಡಗಿತು. "ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು, ಆದರೆ ಒಂದು ಹನಿ ಬೆವರಿರಲಿಲ್ಲ" ಎಂದರು ಆಕೆ. ತಾಲೂಕು ಆಸ್ಪತ್ರೆ ತಲುಪುವ ಮೊದಲೇ ಪ್ರಾಣ ಹೋಗಿತ್ತು. ಆಸ್ಪತ್ರೆಯ ಚೀಟಿಯಲ್ಲಿದ್ದ ಕಾರಣ ಹೃದಯ ಸ್ತಂಭನ ಎಂಬುದೊಂದೇ. ಮರಣೋತ್ತರ ಪರೀಕ್ಷೆ ನಡೆದಿರಲಿಲ್ಲ.

ಮೂಲ ವಿಮಾ ಮೊತ್ತ ಐದು ಲಕ್ಷ ಎರಡು ವಾರದೊಳಗೆ ಅವರ ಖಾತೆಗೆ ಹೋಯಿತು. ಪಾಲಿಸಿಯ ಜೊತೆಗಿದ್ದ ಅಪಘಾತ ಸೌಲಭ್ಯದ ಇನ್ನೊಂದು ಐದು ಲಕ್ಷ ಹೋಗಲಿಲ್ಲ. ಆ ನಿರಾಕರಣೆಯ ಪತ್ರವನ್ನು ಸಿದ್ಧಪಡಿಸಿದವನು ನಾನೇ. ಅದನ್ನು ಹಿಡಿದುಕೊಂಡು ಆಕೆ ಮತ್ತೆ ಬಂದರು. "ಸಾಹೇಬರೇ, ಮುಂಜಾನೆ ಗಟ್ಟಿಯಾಗಿದ್ದ ಮನುಷ್ಯ ಬಿಸಿಲು ಬಡಿದು ಸಂಜೆಗೆ ಸತ್ತರೆ ಅದು ಅಪಘಾತ ಅಲ್ಲವೇ?"

ಪಾಲಿಸಿಯ ಭಾಷೆಯಲ್ಲಿ ಅಪಘಾತವೆಂದರೆ ಹಠಾತ್ತನೆ, ಅನಿರೀಕ್ಷಿತವಾಗಿ, ಹೊರಗಿನಿಂದ ಕಣ್ಣಿಗೆ ಕಾಣುವಂತೆ, ಬಲವಾಗಿ ಎರಗಿದ ಪೆಟ್ಟು. ಲಾರಿ ಗುದ್ದಿದರೆ, ಮಾಳಿಗೆಯಿಂದ ಬಿದ್ದರೆ, ಸಿಡಿಲು ಬಡಿದರೆ ಈ ಮಾತು ಸಲೀಸಾಗಿ ಹೊಂದುತ್ತದೆ. ಬಿಸಿಲು ಹೊರಗಿನಿಂದಲೇ ಬರುತ್ತದೆ, ಆದರೆ ಗಾಯದ ಗುರುತು ಬಿಡುವುದಿಲ್ಲ. ನಿಯಮದ ಅಕ್ಷರಕ್ಕೆ ನನ್ನ ಪತ್ರ ಸರಿಯಾಗಿತ್ತು. ಆ ಅಕ್ಷರವೇ ಹಳೆಯದಾಗಿದೆ ಎಂಬುದು ಇಷ್ಟು ವರ್ಷ ಈ ಕಡತಗಳ ನಡುವೆ ಕುಳಿತ ನನ್ನ ಅಭಿಪ್ರಾಯ.

ನಮ್ಮ ದೇಹ 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬದುಕುವಂಥದ್ದು. ಹೊರಗೆ ಕಾವು ಏರಿದಂತೆ ಹೃದಯ ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ತಳ್ಳುತ್ತದೆ, ಬೆವರು ಆರಿ ಮೈ ತಣಿಯುತ್ತದೆ. ಕುಡಿದ ನೀರು ಸಾಲದೆ ಹೋದರೆ ರಕ್ತ ದಪ್ಪವಾಗುತ್ತದೆ, ಮೂತ್ರಪಿಂಡ ಸೊರಗುತ್ತದೆ, ಹೃದಯ ಇನ್ನೂ ವೇಗವಾಗಿ ದುಡಿಯಬೇಕಾಗುತ್ತದೆ. ಒಳಗಿನ ಉಷ್ಣತೆ 40 ಡಿಗ್ರಿ ದಾಟಿ ಪ್ರಜ್ಞೆ ಏರುಪೇರಾದರೆ ಅದೇ ಶಾಖಾಘಾತ. ಮಧುಮೇಹ, ರಕ್ತದೊತ್ತಡ ಇರುವವರಲ್ಲಿ ಅಷ್ಟು ದೂರ ಹೋಗುವ ಮೊದಲೇ ಹೃದಯವೋ ಮೂತ್ರಪಿಂಡವೋ ಸೋಲುತ್ತದೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರಿಗೆ ಅಪಾಯ ಇನ್ನೂ ಹೆಚ್ಚು. ರಾತ್ರಿಯಾದರೂ ತಂಪಾದರೆ ದೇಹ ಚೇತರಿಸಿಕೊಳ್ಳುತ್ತದೆ. ಈಗ ಬಿಸಿಯಾಗುತ್ತಿರುವುದು ರಾತ್ರಿಗಳೂ ಹೌದು.

ಇವೆಲ್ಲ ಕಾಗದಕ್ಕೆ ಇಳಿಯುವಾಗ ಹೃದಯ ಸ್ತಂಭನ, ಮೂತ್ರಪಿಂಡ ವೈಫಲ್ಯ ಎಂದಾಗುತ್ತವೆ. ನಮ್ಮ ಕೈಗೆ ಬರುವ ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣದ ಅಂಕಣವೇ ಇರುವುದಿಲ್ಲ. ಕಾರಣವನ್ನು ವೈದ್ಯರು ಬೇರೊಂದು ನಮೂನೆಯಲ್ಲಿ ಬರೆಯಬೇಕು. ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ಹಾಗೆ ವೈದ್ಯರಿಂದ ಕಾರಣ ಪ್ರಮಾಣೀಕೃತವಾಗುವುದು ಕಾಲು ಭಾಗಕ್ಕಿಂತ ಕಡಿಮೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ಉಷ್ಣಾಂಶ 46.8 ಡಿಗ್ರಿ ಮುಟ್ಟಿತ್ತು. ಆಮೇಲೆ ಸಂಶೋಧಕರು ಹಿಂದಿನ ಮತ್ತು ಮುಂದಿನ ವರ್ಷಗಳ ಮೇ ತಿಂಗಳ ಜೊತೆ ಹೋಲಿಸಿ ಎಣಿಸಿದಾಗ ಆ ಒಂದೇ ತಿಂಗಳಲ್ಲಿ 1,344 ಸಾವುಗಳು ಹೆಚ್ಚಾಗಿದ್ದವು. ಒಟ್ಟು ಲೆಕ್ಕ ಹಾಕಿದಾಗ ಮಾತ್ರ ಬಿಸಿಲು ಕಾಣಿಸಿತು. ಆ ನಗರ 2013ರಲ್ಲಿ ಬಿಸಿಲಿಗಾಗಿಯೇ ಒಂದು ಕಾರ್ಯಯೋಜನೆ ರೂಪಿಸಿದ್ದು ಈ ಪೆಟ್ಟು ತಿಂದ ಮೇಲೆ.

ಓದುಗರು ಗಾಬರಿಪಡಬಾರದು ಎಂದು ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಪಾಲಿಸಿ ಚಾಲ್ತಿಯಲ್ಲಿದ್ದರೆ ಬಿಸಿಲು, ಡೆಂಗಿ, ಪ್ರವಾಹ ಯಾವುದರಿಂದ ಸಾವು ಬಂದರೂ ಮೂಲ ವಿಮಾ ಮೊತ್ತ ಸಿಗುತ್ತದೆ. ಮೊದಲ ವರ್ಷದೊಳಗಿನ ಆತ್ಮಹತ್ಯೆಗೆ ಮಾತ್ರ ಬೇರೆ ನಿಯಮ. ಪ್ರಸ್ತಾವನೆಯಲ್ಲಿ ಕಾಯಿಲೆ ಮುಚ್ಚಿಟ್ಟಿದ್ದರೆ ತಕರಾರು ಬರುತ್ತದೆ; ಮೂರು ವರ್ಷ ಕಳೆದ ಪಾಲಿಸಿಯನ್ನು ಆ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಜಗಳವಿರುವುದು ಅಪಘಾತದ ಹೆಚ್ಚುವರಿ ಮೊತ್ತದಲ್ಲಿ, ಮತ್ತು ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾದಂಥ ಅಪಘಾತ ಯೋಜನೆಗಳಲ್ಲಿ. ಅಲ್ಲಿ ದಾಖಲೆಯೇ ಎಲ್ಲ. ಸಿಡಿಲು ಬಡಿದರೆ ಪೊಲೀಸರಿಗೆ ತಿಳಿಸಿ ಪಂಚನಾಮೆ, ಮರಣೋತ್ತರ ಪರೀಕ್ಷೆ ಮಾಡಿಸಲೇಬೇಕು. ಹಾವು ಕಚ್ಚಿದರೆ ಆ ಕೂಡಲೇ ಆಸ್ಪತ್ರೆಗೆ ಒಯ್ದ ದಾಖಲೆ ಬೇಕು. ಬಿಸಿಲಿಗೆ ಬಿದ್ದವರನ್ನು ಕರೆದೊಯ್ದಾಗ ಮೈಯ ಉಷ್ಣತೆ ಎಷ್ಟಿತ್ತು, ಎಲ್ಲಿ ಎಷ್ಟು ಹೊತ್ತು ಕೆಲಸ ಮಾಡುತ್ತಿದ್ದರು ಎಂಬುದನ್ನು ಚೀಟಿಯಲ್ಲಿ ಬರೆಯಲು ವೈದ್ಯರನ್ನು ಕೇಳಿಕೊಳ್ಳಿ. ಅಳುತ್ತಿರುವ ಹೊತ್ತಿನಲ್ಲಿ ಇದನ್ನೆಲ್ಲ ನೆನಪಿಡುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಜೊತೆಗೆ ಹೋದ ನೆಂಟರೋ ನೆರೆಯವರೋ ನೆನಪಿಟ್ಟರೆ ಸಾಕು.

ದೇಹವೇ ಸಿಗದಿದ್ದಾಗಿನ ಪಾಡು ಇನ್ನೂ ಕಠಿಣ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಮಣ್ಣಿನೊಂದಿಗೆ ಹೋದ ಲಾರಿಯ ಚಾಲಕರ ದೇಹ ಗಂಗಾವಳಿ ನದಿಯಲ್ಲಿ ಸಿಕ್ಕಿದ್ದು ಎರಡು ತಿಂಗಳ ಮೇಲೆ. ಕಾಣೆಯಾದವರನ್ನು ಸತ್ತರೆಂದು ಭಾವಿಸಲು ಕಾನೂನು ಸಾಮಾನ್ಯವಾಗಿ ಏಳು ವರ್ಷ ಕಾಯಿಸುತ್ತದೆ. ಅದೇ ತಿಂಗಳ ವಯನಾಡಿನ ದುರಂತದ ನಂತರ ಕೇರಳ ಸರ್ಕಾರ ಕಾಣೆಯಾದವರನ್ನು ಮೃತರೆಂದು ಪರಿಗಣಿಸಲು ಬೇರೆಯೇ ದಾರಿ ಮಾಡಿಕೊಟ್ಟಿತು. ಇನ್ನು ಮುಂದೆ ಪ್ರತಿ ಮಳೆಗಾಲಕ್ಕೂ ಅಂಥ ದಾರಿ ಸಿದ್ಧವಿರಬೇಕು.

ಆದರೆ ನನ್ನ ನಿದ್ದೆ ಕೆಡಿಸುವ ಕಡತಗಳು ಇವಲ್ಲ. ಪಾಲಿಸಿಯ ಅವಧಿ ಇನ್ನೂ ಇದೆ, ಕಂತು ಮಾತ್ರ ನಿಂತುಹೋಗಿದೆ, ಆಮೇಲೆ ಸಾವು ಬಂದಿದೆ, ಅಂಥವು. ನಮ್ಮ ಭಾಗದ ತೊಗರಿಯ ಲೆಕ್ಕ ನೋಡಿ. 2022ರಲ್ಲಿ ನೆಟೆ ರೋಗ ಬಂದು ನಿಂತ ಬೆಳೆ ಒಣಗಿತು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲೂಕುಗಳು ಬರಪೀಡಿತವಾದವು. 2025ರ ಸೆಪ್ಟೆಂಬರಿನಲ್ಲಿ ಭೀಮಾ ನದಿ ಹೊಲಗಳಿಗೆ ನುಗ್ಗಿತು. ಇಂಥ ವರ್ಷಗಳಲ್ಲಿ ರೈತ ಮೊದಲು ಬಿಡುವುದು ಯಾವುದನ್ನು? ಬೀಜ, ಗೊಬ್ಬರ, ಸಾಲದ ಬಡ್ಡಿ, ಮಕ್ಕಳ ಶುಲ್ಕ ಯಾವುದನ್ನೂ ಬಿಡಲಾಗದು. ವಿಮೆಯ ಕಂತು ಬಾಗಿಲಿಗೆ ಬಂದು ಕೂಗುವುದಿಲ್ಲ, ಅದನ್ನೇ ಬಿಡುತ್ತಾನೆ. ಹವಾಮಾನ ಮನುಷ್ಯನನ್ನು ಮುಟ್ಟುವ ಮೊದಲು ಅವನ ಪಾಲಿಸಿಯನ್ನು ಮುಗಿಸಿರುತ್ತದೆ. ಅಪಾಯ ಹೆಚ್ಚಾದ ವರ್ಷವೇ ರಕ್ಷಣೆ ಕಳಚಿ ಬೀಳುತ್ತದೆ.

ವಾರ್ಷಿಕ ಕಂತಿಗೆ 30 ದಿನ, ತಿಂಗಳ ಕಂತಿಗೆ 15 ದಿನ ರಿಯಾಯಿತಿ ಇದೆ. ಆ ದಿನಗಳಲ್ಲಿ ಸಾವು ಬಂದರೂ ಬಾಕಿ ಕಂತು ಕಳೆದು ಪೂರ್ತಿ ಹಣ ಕೊಡುತ್ತೇವೆ. ಅದು ದಾಟಿದ ಮೇಲೆ ಪಾಲಿಸಿ ಲ್ಯಾಪ್ಸ್ ಆಗಿ ರಕ್ಷಣೆ ನಿಲ್ಲುತ್ತದೆ, ಅಥವಾ ಕಟ್ಟಿದ ಕಂತಿಗೆ ತಕ್ಕಷ್ಟು ಕಡಿಮೆ ಮೊತ್ತಕ್ಕೆ ಇಳಿಯುತ್ತದೆ. ಸಾಮಾನ್ಯ ಪಾಲಿಸಿಗಳನ್ನು ಐದು ವರ್ಷದೊಳಗೆ ಮತ್ತೆ ಚಾಲ್ತಿಗೆ ತರಬಹುದು. ನಾನು ಹಳ್ಳಿಗಳಲ್ಲಿ ಹೇಳುತ್ತಾ ಬಂದಿರುವ ಒಂದು ಸಣ್ಣ ಉಪಾಯವಿದೆ. ಪಾಲಿಸಿ ಆರಂಭವಾದ ದಿನವೇ ಪ್ರತಿವರ್ಷದ ಕಂತಿನ ದಿನ. ಏಜೆಂಟರ ಗುರಿ ಮುಟ್ಟಿಸಲು ಮಾರ್ಚ್ ಕೊನೆಗೆ ಸಹಿ ಹಾಕಬೇಡಿ. ತೊಗರಿಯ ರಾಶಿ ಮುಗಿದು ಕೈಯಲ್ಲಿ ದುಡ್ಡು ಓಡಾಡುವ ಜನವರಿಯಲ್ಲಿ ಪಾಲಿಸಿ ಮಾಡಿಸಿ, ಕಂತನ್ನು ವಾರ್ಷಿಕವಾಗಿಡಿ.

ಬ್ಯಾಂಕಿನ ಜೀವನ ಜ್ಯೋತಿ ಬಿಮಾ ಯೋಜನೆಯ ದಿನಾಂಕವನ್ನಂತೂ ನಾವು ಆರಿಸುವಂತಿಲ್ಲ. ಎರಡು ಲಕ್ಷದ ರಕ್ಷಣೆಗೆ 436 ರೂಪಾಯಿ ಮೇ ಕೊನೆಯ ವಾರದಲ್ಲಿ ಖಾತೆಯಿಂದ ಕಡಿತವಾಗುತ್ತದೆ. ಮುಂಗಾರಿನ ಬೀಜಕ್ಕೆಂದು ಇದ್ದಬದ್ದ ಹಣವನ್ನೆಲ್ಲ ತೆಗೆದಿರುವ ವಾರವದು. ಖಾತೆಯಲ್ಲಿ ಅಷ್ಟು ಇರದಿದ್ದರೆ ಜೂನ್ 1ರಿಂದ ರಕ್ಷಣೆ ಇಲ್ಲ. ಸುರಕ್ಷಾ ಬಿಮಾದ 20 ರೂಪಾಯಿಯದೂ ಅದೇ ವಾರ. ಎರಡೂ ಸೇರಿ 456 ರೂಪಾಯಿಯನ್ನು ಮೇ 20ರೊಳಗೆ ಖಾತೆಗೆ ಹಾಕಿ ಮುಟ್ಟದೆ ಬಿಡಿ.

ವಿಮಾ ಕಂಪನಿಗಳೂ ಬದಲಾಗಬೇಕು. ಭಾರತದಲ್ಲಿ ಕಂತಿನ ಲೆಕ್ಕಕ್ಕೆ ಆಧಾರವಾಗಿ ಬಳಸುತ್ತಾ ಬಂದಿರುವ ಮರಣ ಪಟ್ಟಿ, ಅಂದರೆ ಯಾವ ವಯಸ್ಸಿನಲ್ಲಿ ಎಷ್ಟು ಜನ ಸಾಯುತ್ತಾರೆಂಬ ಲೆಕ್ಕ, 2012ರಿಂದ 2014ರ ಅನುಭವದ್ದು. ಹಿಂದೆ ನೋಡಿ ಮುಂದಿನದನ್ನು ಅಳೆಯುವುದು ಅದರ ಸ್ವಭಾವ. ನಾನು ಕಂಡ ಪ್ರಸ್ತಾವನಾ ಪತ್ರಗಳಲ್ಲಿ ಬೀಡಿ, ಮದ್ಯ, ಮಧುಮೇಹದ ಪ್ರಶ್ನೆಗಳಿವೆ. ದಿನಕ್ಕೆಷ್ಟು ಗಂಟೆ ಬಿಸಿಲಿನಲ್ಲಿ ದುಡಿಯುತ್ತೀರಿ ಎಂಬುದಿಲ್ಲ. ಅದನ್ನು ಕೇಳಿ ಕೂಲಿಯವರ ಕಂತು ಏರಿಸುವುದು ನನಗೆ ಬೇಕಿಲ್ಲ. ಗುಜರಾತಿನಲ್ಲಿ 'ಸೇವಾ' ಎಂಬ ಸ್ವಯಂ ಉದ್ಯೋಗಿ ಮಹಿಳೆಯರ ಸಂಘಟನೆಯ ಕಾರ್ಮಿಕರಿಗೆ ಉಷ್ಣಾಂಶ ಗೊತ್ತುಮಾಡಿದ ಮಟ್ಟ ದಾಟಿದರೆ ನೇರವಾಗಿ ಖಾತೆಗೆ ಹಣ ಬೀಳುವ ವಿಮೆ 2023ರಿಂದ ಇದೆ. ಅವರು ವೈದ್ಯರ ಚೀಟಿ ತರಬೇಕಿಲ್ಲ, ಹವಾಮಾನದ ಅಂಕಿಯೇ ಸಾಕ್ಷಿ. ಆ ದಿನ ಕೆಲಸ ಬಿಟ್ಟು ನೆರಳಿಗೆ ಹೋಗಲು ಅದರಿಂದ ಧೈರ್ಯ ಬರುತ್ತದೆ. ಕಲಬುರಗಿ, ರಾಯಚೂರಿಗೂ ಇಂಥದ್ದು ಬೇಕು.

ಆ ಹೆಣ್ಣುಮಗಳಿಗೆ, ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡುವ ದಾರಿ ತೋರಿಸಿದೆ. ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಎದ್ದು ಹೊರಟವರು ಏನೋ ನೆನಪಾಗಿ ಚೀಲದಿಂದ ಇನ್ನೊಂದು ಬಾಂಡ್ ತೆಗೆದರು. ಮೈದುನನದು, ಬರದ ವರ್ಷ ಕಂತು ನಿಲ್ಲಿಸಿದ್ದ. ದಿನಾಂಕ ನೋಡಿದೆ, ಐದು ವರ್ಷ ಇನ್ನೂ ಮುಗಿದಿರಲಿಲ್ಲ. ಮರುಚಾಲನೆಯ ಅರ್ಜಿಯನ್ನೂ ಆರೋಗ್ಯ ಘೋಷಣೆಯ ನಮೂನೆಯನ್ನೂ ಕೈಗೆ ಕೊಟ್ಟು, "ತಾಯಿ, ಅವನನ್ನು ನಾಳೆಯೇ ಕರೆದುಕೊಂಡು ಬನ್ನಿ, ಬಿಸಿಲೇರುವ ಮೊದಲು" ಎಂದೆ.