ಖರ್ಚಾದ ಹಣವೇ ಪ್ರಗತಿಯಲ್ಲ

ಪ್ರಗತಿ ಪರಿಶೀಲನಾ ಸಭೆಗಳ ವರದಿಯಲ್ಲಿ ಎರಡು ಅಂಕಿಗಳು ತಪ್ಪದೆ ಬರುತ್ತವೆ: ಆರ್ಥಿಕ ಪ್ರಗತಿ ಶೇಕಡಾ ಇಷ್ಟು, ಭೌತಿಕ ಪ್ರಗತಿ ಶೇಕಡಾ ಇಷ್ಟು. ಅನುದಾನ ಖರ್ಚಾಗಿದ್ದರೆ ಅಧಿಕಾರಿಗೆ ಶಹಬ್ಬಾಸ್, ಉಳಿದಿದ್ದರೆ ತರಾಟೆ. ಹಣ ಕರಗುತ್ತಿದೆ ಎಂದರೆ ಕೆಲಸ ಸಾಗುತ್ತಿದೆ ಎಂಬ ಈ ನಂಬಿಕೆಯನ್ನು ನಾನು ಮೂಢನಂಬಿಕೆಗಳ ಸಾಲಿಗೇ ಸೇರಿಸುತ್ತೇನೆ. ಖಾಸಗಿ ಕಂಪನಿಗಳೂ ಇದಕ್ಕೆ ಹೊರತಲ್ಲ. ಅಲ್ಲಿ ಅದೇ ನಂಬಿಕೆ ಬಣ್ಣಬಣ್ಣದ ಗ್ರಾಫ್ ಆಗಿ ಪರದೆಯ ಮೇಲೆ ಮೂಡುತ್ತದೆ, ಅಷ್ಟೇ.

ಇದನ್ನು ಮುರಿಯುವ ಲೆಕ್ಕ ಐದನೇ ತರಗತಿಯ ಗಣಿತಕ್ಕಿಂತ ಕಷ್ಟದ್ದಲ್ಲ. ಒಂದು ಕಾಂಪೌಂಡ್ ಗೋಡೆ ಕಟ್ಟಬೇಕು. ಉದ್ದ 1,000 ಮೀಟರ್, ಮೀಟರಿಗೆ 5,000 ರೂಪಾಯಿ, ಒಟ್ಟು ಅಂದಾಜು 50 ಲಕ್ಷ, ಅವಧಿ ಹತ್ತು ತಿಂಗಳು. ಅಂದರೆ ತಿಂಗಳಿಗೆ 100 ಮೀಟರ್, 5 ಲಕ್ಷ. ಐದು ತಿಂಗಳಾದ ಮೇಲೆ ಲೆಕ್ಕಪತ್ರ ವಿಭಾಗವನ್ನು ಕೇಳಿದರೆ 25 ಲಕ್ಷ ಖರ್ಚಾಗಿದೆ ಎನ್ನುತ್ತದೆ. ಯೋಜನೆಯಲ್ಲೂ 25 ಲಕ್ಷವೇ ಇತ್ತು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ಎಲ್ಲರೂ ನೆಮ್ಮದಿಯಿಂದ ಚಹಾ ಕುಡಿಯುತ್ತಾರೆ. ಆದರೆ ಟೇಪು ಹಿಡಿದು ಅಳೆದರೆ ಗೋಡೆ ಎದ್ದಿರುವುದು 400 ಮೀಟರ್ ಮಾತ್ರ.

ಈಗ ಆ 400 ಮೀಟರಿಗೆ ಮೂಲ ಅಂದಾಜಿನ ದರದಲ್ಲಿ ಬೆಲೆ ಕಟ್ಟಿ: 20 ಲಕ್ಷ. ಇದು ಗಳಿಸಿದ ಮೌಲ್ಯ. ಎಷ್ಟು ಖರ್ಚು ಮಾಡಿದಿರಿ ಎಂಬುದನ್ನು ಇದು ಕೇಳುವುದಿಲ್ಲ. ಕಟ್ಟಿದ್ದಕ್ಕೆ ಎಷ್ಟು ಖರ್ಚಾಗಬೇಕಿತ್ತು ಎಂದು ಕೇಳುತ್ತದೆ. 20 ಲಕ್ಷದ ಕೆಲಸಕ್ಕೆ 25 ಲಕ್ಷ ಸುರಿದಿದ್ದೇವೆ, ಅಂದರೆ ಪ್ರತಿ ರೂಪಾಯಿಗೆ 80 ಪೈಸೆಯ ಗೋಡೆ. ಇದೇ ಗತಿಯಲ್ಲಿ ಸಾಗಿದರೆ ಒಟ್ಟು ವೆಚ್ಚ 50ನ್ನು 0.8ರಿಂದ ಭಾಗಿಸಿದಷ್ಟು, 62.5 ಲಕ್ಷ. ಅವಧಿಯಲ್ಲಿ ಇನ್ನೂ ಐದು ತಿಂಗಳು ಬಾಕಿಯಿರುವಾಗಲೇ ಕೊನೆಯ ಬಿಲ್ಲು ಕಣ್ಣೆದುರು ನಿಂತಿತು! ಸಮಯ, ಹಣ, ಕೆಲಸ ಎಂಬ ಮೂರು ಬೇರೆಬೇರೆ ಜಾತಿಯ ಸಂಗತಿಗಳನ್ನು ಒಂದೇ ಅಳತೆಗೋಲಿಗೆ ತಂದದ್ದು ಈ ಲೆಕ್ಕದ ಸೊಗಸು.

ಇಲ್ಲಿಗೆ ತಲುಪಲು ಬಹಳ ಕಾಲ ಹಿಡಿಯಿತು. ಪೋಲೆಂಡಿನ ಕಾರೋಲ್ ಅದಾಮಿಯೆಟ್ಸ್ಕಿ ಕಬ್ಬಿಣದ ಕಾರ್ಖಾನೆಗಳಲ್ಲಿ ದುಡಿಯುತ್ತ 1896ರಲ್ಲೇ ಕೆಲಸಗಳ ಪರಸ್ಪರ ಅವಲಂಬನೆಯನ್ನು ಪಟ್ಟಿಗಳಲ್ಲಿ ತೋರಿಸಿದ್ದ. ‘ಗ್ಯಾಂಟ್ ಚಾರ್ಟ್’ ಎಂಬ ಹೆಸರಿನಿಂದ ಕೀರ್ತಿ ಮಾತ್ರ ಅಮೆರಿಕದ ಹೆನ್ರಿ ಗ್ಯಾಂಟ್‌ಗೆ ಹೋಯಿತು. 1957ರ ಸುಮಾರಿಗೆ ಡುಪಾಂಟ್ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ ಸೇರಿ, ಯಾವ ಕೆಲಸ ಒಂದು ದಿನ ತಡವಾದರೆ ಇಡೀ ಯೋಜನೆಯೇ ಒಂದು ದಿನ ತಡವಾಗುತ್ತದೆ ಎಂದು ಯುನಿವ್ಯಾಕ್ ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿದರು. ಇವತ್ತಿನ ಯೋಜನಾ ಸಾಫ್ಟ್‌ವೇರ್‌ಗಳೆಲ್ಲ ಅಂಥ ಕೆಲಸಗಳ ಸರಣಿಯಾದ ‘ಕ್ರಿಟಿಕಲ್ ಪಾತ್’ನ ಸಂತಾನ. ಅಲ್ಲಿ ಹಣ ಮತ್ತು ಕಾಲ ಇನ್ನೂ ಪೂರ್ತಿ ಬೆಸೆದಿರಲಿಲ್ಲ. 1967ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಗುತ್ತಿಗೆದಾರರಿಗೆ ವೆಚ್ಚ ಮತ್ತು ವೇಳಾಪಟ್ಟಿಯನ್ನು ಒಟ್ಟಿಗೆ ಲೆಕ್ಕ ಇಡುವ 35 ನಿಯಮಗಳನ್ನು ವಿಧಿಸಿದಾಗ, ನಮ್ಮ ಗೋಡೆಯ ಲೆಕ್ಕ ಅಧಿಕೃತವಾಯಿತು.

ಹಾಗಿದ್ದರೆ ಎಲ್ಲವನ್ನೂ ಒಟ್ಟಿಗೆ ಮಾಡುವ ಸಾಫ್ಟ್‌ವೇರ್ ಕೊಂಡರೆ ಮುಗಿಯಿತಲ್ಲ? ಮುಗಿಯುವುದಿಲ್ಲ, ಏಕೆಂದರೆ ಒಂದೇ ಗೋಡೆ ಮೂರು ಕಡೆ ಮೂರು ರೂಪದಲ್ಲಿ ದಾಖಲಾಗಿರುತ್ತದೆ. ಪ್ರೈಮಾವೆರಾ ಎಂಬ ವೇಳಾಪಟ್ಟಿ ಸಾಫ್ಟ್‌ವೇರ್ ಮುಂದೆ ಕುಳಿತ ಪ್ಲಾನಿಂಗ್ ಎಂಜಿನಿಯರಿಗೆ ಅದು ‘ಪೂರ್ವ ದಿಕ್ಕು, ಎರಡನೇ ಹಂತ, 30 ದಿನ’. ಲೆಕ್ಕಪತ್ರದವರಿಗೆ ಅದು ಸಿಮೆಂಟ್, ಜಲ್ಲಿ, ಕೂಲಿ, ಲಾರಿ ಬಾಡಿಗೆ. ಕಿರಿಯ ಎಂಜಿನಿಯರ್ ಬರೆಯುವ ಅಳತೆ ಪುಸ್ತಕದಲ್ಲಿ ಅದು ಇಷ್ಟು ಘನ ಮೀಟರ್ ಸೈಜುಗಲ್ಲಿನ ಕಟ್ಟಡ. ಸಿಮೆಂಟಿನ ಬಿಲ್ಲು ಪೂರ್ವದ ಗೋಡೆಯದೋ ಪಶ್ಚಿಮದ್ದೋ ಎಂದು ಹೇಳುವ ಕೊಂಡಿಯೇ ಇಲ್ಲದಿದ್ದರೆ ಯಾವ ಸಾಫ್ಟ್‌ವೇರ್ ತಾನೇ ಏನು ಮಾಡೀತು? ಇಡೀ ಯೋಜನೆಯನ್ನು ಕೊಂಬೆ, ರೆಂಬೆ, ಎಲೆಗಳವರೆಗೆ ಒಡೆದು, ಪ್ರತಿ ಎಲೆಗೂ ಒಂದು ಸಂಖ್ಯೆ ಕೊಟ್ಟು, ವೇಳಾಪಟ್ಟಿ, ಖರೀದಿ ಆದೇಶ, ಬಿಲ್ಲು, ಅಳತೆ ಎಲ್ಲದರ ಮೇಲೂ ಅದೇ ಸಂಖ್ಯೆ ಬರುವಂತೆ ಮಾಡಬೇಕು. ನಿಜವಾದ ಅಳವಡಿಕೆ ಇದೇ. ಇದು ಬೇಸರದ ಕೆಲಸ, ವಿಭಾಗಗಳ ನಡುವೆ ಜಗಳ ತರುವ ಕೆಲಸ. ಲೈಸೆನ್ಸ್ ಖರೀದಿಸಿ ಎರಡು ದಿನದ ತರಬೇತಿ ಕೊಡಿಸಿದ ಸಂಸ್ಥೆಗಳು ಜಾರಿಕೊಳ್ಳುವುದು ಇಲ್ಲಿಂದಲೇ.

ಲಂಡನ್ನಿನ ಹೊಸ ರೈಲು ಮಾರ್ಗದ ಯೋಜನೆಯಾದ ಕ್ರಾಸ್‌ರೈಲ್‌ನಲ್ಲಿ ಎಂಟು ಯಂತ್ರಗಳು 42 ಕಿಲೋಮೀಟರ್ ಸುರಂಗ ಕೊರೆದು 2015ರಲ್ಲಿ ಮುಗಿಸಿದವು. 2018ರ ಡಿಸೆಂಬರ್‌ನಲ್ಲಿ ರೈಲು ಓಡಬೇಕಿತ್ತು. ಎಲ್ಲವೂ ಸಮಯಕ್ಕೆ ಸರಿಯಾಗಿ, ಬಜೆಟ್ಟಿನೊಳಗೆ ನಡೆಯುತ್ತಿದೆ ಎಂದೇ ವರ್ಷಗಟ್ಟಲೆ ಹೇಳಲಾಯಿತು. ಉದ್ಘಾಟನೆಗೆ ನಾಲ್ಕು ತಿಂಗಳೂ ಉಳಿಯದಿದ್ದಾಗ, ಆಗಸ್ಟ್ 31ರಂದು, ತಡವಾಗುತ್ತದೆ ಎಂಬ ಘೋಷಣೆ ಬಂತು. ಮಧ್ಯ ಲಂಡನ್ನಿನ ಮಾರ್ಗ ತೆರೆದದ್ದು 2022ರ ಮೇ 24ರಂದು; ವೆಚ್ಚ 1,480 ಕೋಟಿ ಪೌಂಡಿನಿಂದ 1,800 ಕೋಟಿಯನ್ನು ದಾಟಿತ್ತು. ಅಷ್ಟು ದೊಡ್ಡ ಯೋಜನೆಯಲ್ಲಿ ಸಾಫ್ಟ್‌ವೇರ್ ಇರಲಿಲ್ಲ ಎನ್ನುವಂತಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ 2019ರಲ್ಲಿ ಎತ್ತಿ ತೋರಿಸಿದ ಕೊರತೆ ಬೇರೆಯದು: 36 ಮುಖ್ಯ ಗುತ್ತಿಗೆಗಳಿದ್ದವು, ಅವನ್ನೆಲ್ಲ ಒಳಗೊಂಡು ಪ್ರಗತಿಯನ್ನು ಅಳೆಯಬಲ್ಲಷ್ಟು ವಿವರವಾದ ಯೋಜನೆ ಇರಲಿಲ್ಲ. ರೈಲಿನ ಪರೀಕ್ಷೆಗೆ ಸುರಂಗ ಖಾಲಿ ಬೇಕು; ನಿಲ್ದಾಣಗಳ ಕೆಲಸ ಮುಗಿಯದೆ ಸುರಂಗ ಖಾಲಿಯಾಗದು; ರೈಲು ಒಂದೇ ಓಟದಲ್ಲಿ ಮೂರು ಬಗೆಯ ಸಿಗ್ನಲ್ ವ್ಯವಸ್ಥೆಗಳನ್ನು ದಾಟಬೇಕು. ಇಂಥ ಅವಲಂಬನೆಗಳು ಗುತ್ತಿಗೆಗಳ ನಡುವಿನ ಸಂದಿಯಲ್ಲಿ ಇರುತ್ತವೆ, ಯಾವೊಬ್ಬ ಗುತ್ತಿಗೆದಾರನ ಶೇಕಡಾವಾರು ಲೆಕ್ಕದಲ್ಲೂ ಕಾಣುವುದಿಲ್ಲ.

ಶೇಕಡಾವಾರು ಎಂದಾಗ ನನಗೆ ಸಿಟ್ಟೇ ಬರುತ್ತದೆ. ‘ಶೇ 90 ಮುಗಿದಿದೆ’ ಎನ್ನುವುದು ಬಹುತೇಕ ಸಲ ಅಳತೆಯಲ್ಲ, ಅನಿಸಿಕೆ. ಸಣ್ಣ ಕೆಲಸಗಳಿಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ: ಪೂರ್ತಿ ಮುಗಿದು ತಪಾಸಣೆಯಾಗುವವರೆಗೆ ಗಳಿಕೆ ಸೊನ್ನೆ. ಸ್ಲ್ಯಾಬಿಗೆ ಕಾಂಕ್ರೀಟ್ ಹಾಕಿದ್ದೀರಿ, ಕ್ಯೂರಿಂಗ್ ಆಗಿಲ್ಲ, ಪರೀಕ್ಷೆಯ ಫಲಿತಾಂಶ ಬಂದಿಲ್ಲ ಎಂದಾದರೆ ಸೊನ್ನೆಯೇ. ಕೇಳಲು ಕ್ರೂರ, ಆದರೆ ಆಮೇಲೆ ಬರುವ ಅಂಕಿಯನ್ನು ನಂಬಬಹುದು.

ಗಳಿಸಿದ ಮೌಲ್ಯಕ್ಕೂ ಒಂದು ಕುರುಡುತನವಿದೆ. ಗೋಡೆ ಎರಡು ವರ್ಷ ತಡವಾಗಿ ಮುಗಿದರೂ ಕೊನೆಯ ದಿನ ಗಳಿಕೆ 50 ಲಕ್ಷ, ಯೋಜನೆಯೂ 50 ಲಕ್ಷ. ಎರಡನ್ನೂ ಹೋಲಿಸುವ ಸೂಚ್ಯಂಕ 1 ಎನ್ನುತ್ತದೆ, ವಿಳಂಬವೇ ಆಗಲಿಲ್ಲವೇನೋ ಎಂಬಂತೆ. ಅಮೆರಿಕದ ವಾಲ್ಟ್ ಲಿಪ್ಕೆ 2003ರಲ್ಲಿ ಇದಕ್ಕೊಂದು ಮದ್ದು ಕೊಟ್ಟರು: ಹಣವನ್ನು ಹಣದೊಂದಿಗೆ ಹೋಲಿಸಬೇಡಿ, ಇವತ್ತಿನ ಗಳಿಕೆ ಯೋಜನೆಯ ಪ್ರಕಾರ ಯಾವ ದಿನ ಆಗಬೇಕಿತ್ತು ಎಂದು ಕೇಳಿ. ನಮ್ಮ 400 ಮೀಟರ್ ನಾಲ್ಕನೇ ತಿಂಗಳ ಕೊನೆಗೆ ಏಳಬೇಕಿತ್ತು, ನಾವಿರುವುದು ಐದರಲ್ಲಿ. ನಾಲ್ಕನ್ನು ಐದರಿಂದ ಭಾಗಿಸಿದರೆ 0.8, ಹತ್ತು ತಿಂಗಳನ್ನು ಅದರಿಂದ ಭಾಗಿಸಿದರೆ, ಇದೇ ವೇಗದಲ್ಲಿ ಗೋಡೆ ಮುಗಿಯುವುದು ಹನ್ನೆರಡೂವರೆ ತಿಂಗಳಿಗೆ.